ಶಂಭುಲಿಂಗಪ್ಪ ಕರಿನೀರಿಗೆ ಹೋದದ್ದು ಯಾಕೆ

ಹೊಳಬಸಪ್ಪನ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ತಪ್ಪನ್ನೇ ಬರೆಯಬೇಕು. ಆ ಸುಳ್ಳನ್ನು ಅವನ ಬಾಯಿಂದ ಹೊರಡಿಸಿದವನು ನಾನು.

1997ರ ಜುಲೈ. ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬುವುದಿತ್ತು. ಇಳಕಲ್ಲಿನ ನಮ್ಮ ಸಾಲೆಯಲ್ಲಿ ಯಾರಾದರೂ ಹೋರಾಟಗಾರರ ಮನೆತನದವರನ್ನು ಕರೆದು ಶಾಲು ಹೊದಿಸಬೇಕೆಂದು ಠರಾವಾಯಿತು. ಹುಡುಕುವ ಕೆಲಸ ಇತಿಹಾಸ ಕಲಿಸುವ ಜಯತೀರ್ಥ ಮಾಸ್ತರನದು, ಅಂದರೆ ನನ್ನದು. ಇದ್ದ ಒಬ್ಬಿಬ್ಬರನ್ನು ಬೇರೆ ಸಾಲೆಯವರು ಆಗಲೇ ಕರೆದಾಗಿತ್ತು. ಆಗ ನನಗೆ ಹೊಳಬಸಪ್ಪನ ನೆನಪಾಯಿತು.

ಹೊಳಬಸಪ್ಪ ನೇಕಾರ. ಆಗ ಐವತ್ತೊಂದು ವರ್ಷ. ಹಿತ್ತಲ ಶೆಡ್ಡಿನಲ್ಲಿ ಎರಡು ಪವರ್‌ಲೂಮು ಹಾಕಿಸಿದ್ದರೂ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಪಡಸಾಲೆಯ ಕುಣಿಮಗ್ಗ ಬಿಟ್ಟಿರಲಿಲ್ಲ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸೇರಿಸಿ ಕೊಂಡಿ ಹಾಕುವುದರಲ್ಲಿ ಆ ಓಣಿಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮಾತು ಕಡಿಮೆ. ನಾಲ್ಕು ಮಂದಿ ಕೂಡಿದಲ್ಲಿ ಹಿಂದೆ ನಿಲ್ಲುವ ಮನುಷ್ಯ. ನನ್ನ ಹೆಂಡತಿಗೆ ಸೀರೆ ತರಲು ಹೋಗಿ ಗುರುತಾಗಿ, ಆಮೇಲೆ ಸಂಜೆ ಹೊತ್ತು ಅವನ ಕಟ್ಟೆಯ ಮೇಲೆ ಕೂಡುವ ರೂಢಿಯಾಗಿತ್ತು. ಒಮ್ಮೆ ಮಾತಿನಲ್ಲಿ ಮಾತು ಬಂದು, ತಮ್ಮ ಮುತ್ತಜ್ಜ ಶಂಭುಲಿಂಗಪ್ಪನಿಗೆ ಕರಿನೀರಿನ ಶಿಕ್ಷೆಯಾಗಿತ್ತೆಂದು ಹೇಳಿದ್ದ.

ಅವತ್ತು ಹೋದಾಗ ಅವನು ಮಗ್ಗದಲ್ಲಿದ್ದ.

"ನಿಮ್ಮ ಮುತ್ತಜ್ಜ ಕರಿನೀರಿಗೆ ಯಾಕ ಹೋದಾ, ಹೊಳಬಸಪ್ಪಾ?" ಎಂದು ಕೇಳಿದೆ.

ಲಾಳಿ ನಿಂತಿತು. "ಗೊತ್ತಿಲ್ರಿ ಮಾಸ್ತರ್ರ. ನಮ್ಮಪ್ಪನ್ನ ಕೇಳಿದ್ರ, ಅದನ್ನ ಕೇಳಬ್ಯಾಡ ಅಂತಿದ್ದ."

"ಇಂಗ್ರೇಜರ ಕೂಡ ಏನರ ಜಗಳ ಆಗಿತ್ತೇನು?"

"ಆಗಿರಬೇಕ್ರಿ."

"ಸಾಹೇಬನ ಮ್ಯಾಲೆ ಕೈ ಮಾಡಿದ್ನೇನು?"

ಅವನು ನನ್ನ ಮುಖ ನೋಡಿದ. ನನಗೆ ಏನು ಬೇಕಾಗಿದೆ ಎನ್ನುವುದು ಅವನಿಗೆ ತಿಳಿಯಿತು. "ಮಾಡಿರಬೇಕ್ರಿ. ಸುಮ್ಮಸುಮ್ಮನ ಅಷ್ಟ ದೂರ ಯಾಕ ಕಳಸ್ತಾರ?"

ಮನೆಗೆ ಬಂದು ಎರಡು ಹಾಳೆ ಭಾಷಣ ಬರೆದೆ. ಅವನ "ಮಾಡಿರಬೇಕು" ನನ್ನ ಹಾಳೆಯಲ್ಲಿ "ಮಾಡಿದ" ಎಂದಾಯಿತು. ಆಗಸ್ಟ್ ಹದಿನೈದರಂದು ಹೊಳಬಸಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಕೈಯಲ್ಲಿ ಹಾಳೆ ಹಿಡಿದು ಓದಿದ. ಆರುನೂರು ಮಕ್ಕಳು ಚಪ್ಪಾಳೆ ಹೊಡೆದರು. ಅಷ್ಟು ಚಪ್ಪಾಳೆಯನ್ನು ಅವನು ತನ್ನ ಜನ್ಮದಲ್ಲಿ ಕೇಳಿರಲಿಲ್ಲ.

ಮರುವರ್ಷ ಮತ್ತೊಂದು ಸಾಲೆಯವರು ಕರೆದರು. ಆಗ ಹಾಳೆ ಬೇಕಾಗಲಿಲ್ಲ. ಶಂಭುಲಿಂಗಪ್ಪ ಕಲೆಕ್ಟರನ ಕುದುರೆ ತಡೆದು ನಿಲ್ಲಿಸಿದ್ದು, ಕೈಯ ಚಾವಟಿ ಕಸಿದದ್ದು, ಅಂಡಮಾನದ ಜೈಲಿನಲ್ಲಿ ಗಾಣ ತಿರುಗಿಸಿದ್ದು ಒಂದೊಂದಾಗಿ ಸೇರಿಕೊಂಡವು. ನಾನು ಹೇಳಿಕೊಟ್ಟದ್ದಲ್ಲ, ಆದರೂ ಕೇಳುತ್ತ ಕೂತಿದ್ದೆ, ತಡೆಯಲಿಲ್ಲ. 1999ರಲ್ಲಿ ಅವನ ಓಣಿಯ ಬಾಯಿಗೆ ಹಸಿರು ಬಣ್ಣದ ಬೋರ್ಡು ಬಂತು: "ಕ್ರಾಂತಿವೀರ ಶಂಭುಲಿಂಗಪ್ಪ ಓಣಿ." ಬ್ಯಾಂಡು ಬಾರಿಸಿ, ಪೇಢೆ ಹಂಚಿ ಬೋರ್ಡು ಹಾಕಿದರು. ಅವನ ಮಗಳು ಅನುರಾಧಾ ಆಗಷ್ಟೇ ಬೇವೂರಿನ ಸಾಲೆಗೆ ಮಾಸ್ತರಿಣಿಯಾಗಿ ಹೋಗಿದ್ದಳು. ಅಪ್ಪನ ಮಾತನ್ನು ಅವಳು ತನ್ನ ವರ್ಗದ ಮಕ್ಕಳಿಗೂ ಪಾಠದಂತೆ ಹೇಳುತ್ತಿದ್ದಳು.

ನನಗೆ ಹುನಗುಂದಕ್ಕೆ ವರ್ಗವಾಯಿತು. 2002ರ ಮೇ ತಿಂಗಳಲ್ಲಿ ಹದಿನೈದು ದಿನ ಮುಂಬೈಯಲ್ಲಿ ಮಗಳು ಶುಭದಾಳ ಮನೆಯಲ್ಲಿದ್ದೆ. ಶಂಭುಲಿಂಗಪ್ಪನ ಮೇಲೆ ಸಣ್ಣ ಪುಸ್ತಕ ತರಬೇಕೆಂಬ ಹುರುಪು ಇಳಕಲ್ಲಿನಲ್ಲಿ ಎದ್ದಿತ್ತು. ಹಳೇ ಸರಕಾರಿ ಕಾಗದ ಇಟ್ಟಿರುವ ಕಚೇರಿಗೆ ಒಂಬತ್ತು ದಿನ ಅಲೆದೆ. ಹತ್ತನೇ ದಿನ 1888ರಿಂದ ಶುರುವಾದ ಒಂದು ಕಟ್ಟಿನಲ್ಲಿ ಸಿಕ್ಕ. ಹೆಸರು ಅದೇ, ಊರು ಅದೇ, ಕಸುಬು ಅದೇ. ಖುಷಿಯಿಂದ ಓದತೊಡಗಿದೆ. ಮೂರನೇ ಹಾಳೆಗೆ ಬಂದವನು ಮತ್ತೆ ಮೊದಲನೇ ಹಾಳೆಗೆ ಹೋಗಿ ಹೆಸರು, ಊರು ಇನ್ನೊಮ್ಮೆ ನೋಡಿದೆ.

ಶಂಭುಲಿಂಗಪ್ಪ ಆಗ ಇಪ್ಪತ್ತೇಳರವನು. ಸಾವಕಾರನ ರೇಶಿಮೆಯನ್ನು ಕೂಲಿಗೆ ನೇಯುತ್ತಿದ್ದ. ಅದರಲ್ಲಿ ಒಂದಿಷ್ಟನ್ನು ಕದ್ದು ಮಗ್ಗದ ಕುಣಿಯೊಳಗೆ ಹುಗಿದಿಟ್ಟಿದ್ದ. ನೂಲಿಗೆ ಬಣ್ಣ ಹಾಕುವ ಮಲೀಕಸಾಬನ ಮಗಳು ದಸ್ತಗೀರಬಿ, ಹದಿನಾರು ವರ್ಷದ ಹುಡುಗಿ, ಬಣ್ಣದ ನೂಲು ಕೊಡಲು ಬಂದಾಗ ಅದನ್ನು ಕಂಡಳು. ಸಾವಕಾರನಿಗೆ ಹೇಳುತ್ತೇನೆಂದಳು. ಅವನು ಕಟ್ಟಿಗೆಯಿಂದ ತಲೆಗೆ ಹೊಡೆದ. ಸತ್ತಳೆಂದು ಗೊತ್ತಾದ ಮೇಲೆ ಹಿತ್ತಲಲ್ಲಿ ಬರಿದಾಗಿದ್ದ ಹಗೇವಿನೊಳಗೆ, ಕಾಳು ತುಂಬುವ ನೆಲದ ಕುಣಿಯೊಳಗೆ, ಹೆಣ ಇಳಿಸಿ ಮೇಲೆ ಕಲ್ಲು ಮುಚ್ಚಿದ.

ಅಷ್ಟಕ್ಕೇ ನಿಲ್ಲಲಿಲ್ಲ. ದಸ್ತಗೀರಬಿ ರೇಶಿಮೆ ಕದ್ದು ಓಡಿಹೋದಳೆಂದು ತಾನೇ ಚಾವಡಿಗೆ ಹೋಗಿ ಹೇಳಿಬಂದ. ಮಗಳನ್ನು ಎಲ್ಲಿ ಬಚ್ಚಿಟ್ಟಿದ್ದೀಯೆಂದು ಮಲೀಕಸಾಬನನ್ನು ಆರು ದಿನ ಕಟ್ಟಿಹಾಕಿ ಬಡಿದರು. ಹತ್ತನೇ ದಿನ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೂಸು ಎತ್ತಿಕೊಂಡು ಚಾವಡಿಗೆ ಬಂದು ನಿಜ ಹೇಳಿದಳು. ಅವಳು ಬಾಳವ್ವ, ಶಂಭುಲಿಂಗಪ್ಪನ ಹೆಂಡತಿ. ಆ ಕೂಸು ಹೊಳಬಸಪ್ಪನ ಅಜ್ಜ.

ವಿಜಾಪುರದಲ್ಲಿ ಗಲ್ಲು ಎಂದಾಯಿತು. ಮೇಲಿನ ಕೋರ್ಟಿನಲ್ಲಿ ಅದು ಕರಿನೀರಿಗೆ ಇಳಿಯಿತು. 1889ರಲ್ಲಿ ಹಡಗು ಹತ್ತಿಸಿದರು. ನಾವು ಭಾಷಣದಲ್ಲಿ ಹೇಳುತ್ತಿದ್ದ ಆ ದೊಡ್ಡ ಜೈಲು ಆಗಿನ್ನೂ ಕಟ್ಟಿಯೇ ಇರಲಿಲ್ಲ. ಮೊದಲ ವರ್ಷಗಳಲ್ಲಿ ಕಾಲಿಗೆ ಬೇಡಿ ಹಾಕಿಕೊಂಡು ಕಾಡು ಕಡಿದ. ಹತ್ತು ವರ್ಷವಾದ ಮೇಲೆ, ನಡತೆ ಛಲೋ ಇದೆಯೆಂದು, ಸ್ವಂತ ಗುಡಿಸಲು ಹಾಕಿಕೊಂಡು ಉಳುಮೆ ಮಾಡಲು ಪರವಾನಗಿ ಸಿಕ್ಕಿತು. ಹೆಂಡತಿ ಮಗನನ್ನು ಕರೆಸಿಕೊಡಬೇಕೆಂದು 1900ರಲ್ಲಿ ಅರ್ಜಿ ಬರೆಸಿದ. ಅಧಿಕಾರಿಗಳು ಬಾಳವ್ವನನ್ನು ಹುನಗುಂದ ಕಚೇರಿಗೆ ಕರೆಸಿ ಕೇಳಿದರು. ಅವಳ ಉತ್ತರ ಕಡತದಲ್ಲಿ ಕನ್ನಡದಲ್ಲೇ ಇತ್ತು: "ನಾ ಒಲ್ಲೆ. ಮಗನ್ನೂ ಕಳಸೂದಿಲ್ಲ." ಕೆಳಗೆ ಹೆಬ್ಬೆಟ್ಟು. 1909ರಲ್ಲಿ ಅಲ್ಲೇ ಜ್ವರ ಬಂದು ಸತ್ತ. ಸತ್ತ ಸುದ್ದಿ ಮುಟ್ಟಿತೆಂದು ಹಾಕಿಸಿಕೊಂಡ ಕಾಗದದ ಮೇಲೂ ಅವಳದೇ ಹೆಬ್ಬೆಟ್ಟು.

ಹೊಳಬಸಪ್ಪನಿಗೆ ಕಾಗದ ಬರೆಯುವ ಧೈರ್ಯ ನನಗಾಗಲಿಲ್ಲ. ಹುನಗುಂದಕ್ಕೆ ಕರೆಸಿದೆ. ಪುಸ್ತಕದ ಕೆಲಸವೆಂದು ತಿಳಿದು ಅವನು ಒಳ್ಳೆ ಅಂಗಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಬಂದಿದ್ದ. ಹೇಳಿದೆ. ಕೇಳಿ ಮುಗಿದ ಮೇಲೆ, "ಹಗೇವು ನಮ್ಮ ಹಿತ್ತಲದಾಗ ಐತ್ರಿ. ಕಲ್ಲು ಹಂಗ ಐತಿ. ಅದರ ಮಗ್ಗಲದಾಗನ ಶೆಡ್ಡು ಹಾಕೀನಿ" ಎಂದ. ಆಮೇಲೆ, "ಅನುರಾಧಾಗ ಏನಂತ ಹೇಳಲ್ರಿ?"

ಆಗಲಾದರೂ ನಾನು ಮಾಸ್ತರನಂತೆ ಮಾತಾಡಬೇಕಿತ್ತು. "ಯಾರಿಗೂ ಹೇಳೂದ ಬ್ಯಾಡ. ನೂರು ವರ್ಷದ ಮಾತು. ಪುಸ್ತಕ ಅಷ್ಟ ಬಿಟ್ಟಬಿಡೂಣು, ತಾನ ತಣ್ಣಗಾಗ್ತೈತಿ" ಎಂದೆ. ಅವನು ತಲೆಯಾಡಿಸಿದ.

ತಣ್ಣಗಾಗಲಿಲ್ಲ. ಆ ಆಗಸ್ಟಿನಲ್ಲಿ ಮತ್ತೆ ಕರೆದರು. ಮೈಯಲ್ಲಿ ಹುಷಾರಿಲ್ಲವೆಂದು ಹೇಳಿದರೂ ಬಿಡದೆ ಮೋಟರ್‌ಸೈಕಲ್ ತಂದು ಕೂರಿಸಿಕೊಂಡು ಹೋದರು. ಎಲ್ಲ ಗೊತ್ತಿದ್ದೂ ಹೊಳಬಸಪ್ಪ ಮೈಕಿನ ಮುಂದೆ ನಿಂತು ಕುದುರೆ, ಚಾವಟಿ, ಗಾಣ ಎಲ್ಲ ಹೇಳಿದ. ಆಮೇಲೆ ನನಗೆ ಅಂದ: "ಮೊದಲ ಹೇಳಿದ್ದು ತಿಳೀಲಾರದ್ದಕ್ಕ ಅಂತ ಇಟ್ಕೋರಿ. ಇವತ್ತಿನದಕ್ಕ ಏನಂತೀರಿ? ಬಾಯಿ ತನ್ನಷ್ಟಕ್ಕ ತಾನ ಹೇಳಿಕೋತ ಹೋತ್ರಿ. ಚಪ್ಪಾಳಿ ಬಿದ್ದಾಗ ಖುಷಿನೂ ಆತು. ಆ ಖುಷಿ ಆತಲ್ರಿ, ಅದನ್ನ ನೆನಸಿಕೊಂಡ್ರ ನನ್ನ ಮಾರಿ ನನಗ ನೋಡಾಕಾಗವಲ್ದು."

ಅವನ ಮನೆಯಲ್ಲಿ ಕಂಡಿಕೆ ಸುತ್ತಲು ಬರುತ್ತಿದ್ದವಳು ಹುಸೇನಬಿ. ಲಾಳಿಯೊಳಗೆ ಕೂಡುವ ಆ ಸಣ್ಣ ಉರುಳೆಗಳಿಗೆ ರಾಟಿಯ ಮೇಲೆ ನೂಲು ಸುತ್ತುವುದು ಅವಳ ಕೆಲಸ. ಅರವತ್ತು ದಾಟಿದ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಬರುತ್ತಿದ್ದಳು. ಅವಳ ತಂದೆಯ ಕಡೆಯವರು ಹಿಂದೆ ಬಣ್ಣ ಹಾಕುತ್ತಿದ್ದವರು ಎನ್ನುವುದು ಹೊಳಬಸಪ್ಪನಿಗೆ ಗೊತ್ತಿತ್ತು. ನನ್ನ ಬಾಯಿಂದ ಆ ಹೆಸರುಗಳನ್ನು ಕೇಳಿದಾಗಿನಿಂದ ಅವಳ ಎದುರು ಬರಲು ಅಂಜುತ್ತಿದ್ದ. ದೀಪಾವಳಿಯ ಹೊತ್ತಿಗೆ, ಹೆಂಡತಿ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ, ಧೈರ್ಯ ಮಾಡಿ ಕೇಳಿದ.

"ಅಕ್ಕಾ, ಹಿಂದಕ ನಿಮ್ಮ ಮನತನದಾಗ ದಸ್ತಗೀರಬಿ ಅಂತ ಯಾರರ ಇದ್ರೇನು?"

ರಾಟಿ ತಿರುಗುವುದು ನಿಂತಿತು. "ಇದ್ಲು. ನಮ್ಮಜ್ಜನ ಅಕ್ಕ."

"ನಿನಗ ಎಲ್ಲಾ ಗೊತ್ತೈತಿ?"

"ಇಲ್ಲೇ ಸತ್ಲು ಅನ್ನೂದು ಗೊತ್ತೈತಿ, ತಮ್ಮಾ."

"ಮತ್ತ ಆ ಬೋರ್ಡು ಹಾಕೂ ಮುಂದ ಯಾಕ ಒಂದು ಮಾತು ಅನ್ನಲಿಲ್ಲ?"

"ನಾ ಏನಂತ ಅನ್ನಬೇಕಿತ್ತು? ನೀವು ಬ್ಯಾಂಡ್ ಹಚ್ಚಿ, ದೊಡ್ಡದೊಡ್ಡ ಮಂದೀನ್ನ ಕರಿಸಿ ಹಾಕಿದ್ರಿ. ನಾ ಕಂಡಿಕಿ ಸುತ್ತಾಕಿ. ಅದೂ ಅಲ್ಲದ, ಖರೆ ಏನಂತ ನಮಗೂ ಪೂರಾ ಗೊತ್ತಿರಲಿಲ್ಲ. ಆಕಿ ರೇಶಿಮಿ ಕದ್ಲು, ಹಿಡದು ಹೊಡದಾಗ ಸತ್ಲು ಅಂತ ನಮ್ಮ ಮಂದ್ಯಾಗನ ಅನ್ನವರಿದ್ರು. ಅದಕ್ಕ ನಮ್ಮ ಮನ್ಯಾಗ ಆ ಹೆಸರು ಮತ್ತ ಯಾರಿಗೂ ಇಡಲಿಲ್ಲ."

ಹೊಳಬಸಪ್ಪನಿಗೆ ಇನ್ನೊಂದು ನೆನಪಾಯಿತು. ಪಡಸಾಲೆಯಲ್ಲಿ ಕೂಡು, ಗಾಳಿ ಬರುತ್ತದೆ ಎಂದು ಎಷ್ಟು ಸಲ ಹೇಳಿದರೂ ಹುಸೇನಬಿ ಹಿತ್ತಲಿಗೇ ಹೋಗಿ, ಹಗೇವಿನ ಕಲ್ಲಿನ ಹತ್ತಿರವೇ ರಾಟಿ ಹಾಕುತ್ತಿದ್ದಳು. ಯಾಕೆಂದು ಈಗ ಕೇಳಿದ.

"ಆಕಿ ಅದರಾಗ ಹತ್ತು ದಿವ್ಸ ಒಬ್ಬಾಕಿನ ಇದ್ಲಂತ," ಎಂದಳು ಹುಸೇನಬಿ. "ನಮ್ಮಜ್ಜಿ ಹೇಳ್ತಿದ್ಲು."

ಅಷ್ಟು ಹೇಳಿ ಮತ್ತೆ ರಾಟಿ ತಿರುವತೊಡಗಿದಳು. ಇಪ್ಪತ್ತೆರಡು ವರ್ಷ ತನ್ನ ಮನೆಯಲ್ಲಿ ಚಹಾ ಕುಡಿದು, ತನ್ನ ಮಗಳ ಬಾಣಂತನದಲ್ಲಿ ಕೂಸಿಗೆ ಎಣ್ಣೆ ತಿಕ್ಕಿದ ಈ ಹೆಂಗಸು, ಮೂರು ವರ್ಷದಿಂದ ಪ್ರತಿ ದಿನ ಬೆಳಿಗ್ಗೆ ಆ ಬೋರ್ಡಿನ ಕೆಳಗೆ ಹಾಯ್ದು ಬರುತ್ತಿದ್ದಳು ಎನ್ನುವುದು ಹೊಳಬಸಪ್ಪನನ್ನು ತಿನ್ನತೊಡಗಿತು. ನೆಯ್ಗೆಯಲ್ಲಿ ತಪ್ಪು ಬೀಳತೊಡಗಿತು. ಕೊಂಡಿ ಹಾಕುವಾಗ ಎಳೆ ಬಿಟ್ಟುಹೋಗುವುದೆಂದರೆ ಅವನ ಕೈಗೆ ಆಗದ ಮಾತು, ಅದೂ ಆಯಿತು.

2003ರ ಆಗಸ್ಟ್ ಹದಿನೈದರ ಸಭೆಗೆ ಯಾರೂ ಒತ್ತಾಯ ಮಾಡದೆ ತಾನೇ ಹೋದ. ನಾನೂ ಹುನಗುಂದದಿಂದ ಹೋಗಿದ್ದೆ, ಎರಡನೇ ಸಾಲಿನ ಕುರ್ಚಿಯಲ್ಲಿದ್ದೆ. ಹಾಕಿದ ಹಾರವನ್ನು ಹೊಳಬಸಪ್ಪ ತೆಗೆದು ಮೇಜಿನ ಮೇಲಿಟ್ಟ.

"ನಮ್ಮ ಮುತ್ತಜ್ಜ ಯಾವ ಸಾಹೇಬನ ಮ್ಯಾಲೂ ಕೈ ಮಾಡಿಲ್ರಿ," ಎಂದ. "ರೇಶಿಮಿ ಕದ್ದಾತ. ಅದನ್ನ ನೋಡಿದ್ಲಂತ ಹದಿನಾರು ವರ್ಷದ ಹುಡಿಗಿನ್ನ ಕೊಂದಾತ. ಕೊಂದು, ಕಳ್ಳತನಾನೂ ಆಕಿ ಮ್ಯಾಲ ಹಾಕಿದಾತ. ನಾ ಆರು ವರ್ಷ ಇಲ್ಲಿ ನಿಂತು ಸುಳ್ಳು ಹೇಳೀನಿ. ಹ್ವಾದ ವರ್ಷ ಗೊತ್ತಿದ್ದೂ ಹೇಳೀನಿ."

ಯಾರೋ ಮೈಕು ಬಂದ್ ಮಾಡಿದರು. ಮಕ್ಕಳ ಬ್ಯಾಂಡು ಬಾರಿಸಲು ಸನ್ನೆ ಹೋಯಿತು. ಹೊಳಬಸಪ್ಪ ಇಳಿದು ಜನರ ನಡುವೆ ಒಬ್ಬನೇ ನಡೆದು ಹೋದ. ಮೊದಲ ಭಾಷಣ ಬರೆದುಕೊಟ್ಟವರು ಯಾರೆಂದು ಅವನು ಹೇಳಲಿಲ್ಲ. ನಾನೂ ಎದ್ದು ಹೇಳಲಿಲ್ಲ. ಕುರ್ಚಿಗೆ ಅಂಟಿಕೊಂಡು, ಪಕ್ಕದವರ ಹಾಗೆ ನೆಲ ನೋಡುತ್ತ ಕೂತೆ.

ಮುಂದಿನ ದಿನಗಳು ಅವನಿಗೆ ಕಠಿಣವಾದವು. ಮನೆತನದ ಮಾನ ಬಜಾರಿಗೆ ಹಾಕಿದನೆಂದು ಬಂಧುಬಳಗದವರು ಬಂದು ಬೈದರು. ಹೆಂಡತಿ ಎಂಟು ದಿನ ಮಾತು ಬಿಟ್ಟಳು. ಬೇವೂರಿನಿಂದ ಅನುರಾಧಾ ಬಂದಳು. ಶಂಭುಲಿಂಗಪ್ಪನ ಬಗ್ಗೆ ಅವಳು ಹೆಚ್ಚೇನೂ ಅನ್ನಲಿಲ್ಲ. "ಒಂದು ವರ್ಷದಿಂದ ನಿನಗ ಗೊತ್ತಿತ್ತು, ಅಪ್ಪಾ. ಈ ಜೂನ್‌ನ್ಯಾಗೂ ನಾ ಹೊಸ ಮಕ್ಕಳಿಗೆ ಅದನ್ನ ಹೇಳೀನಿ. ಈಗ ಅವರ ಮುಂದ ಯಾವ ಬಾಯಿಲೆ ನಿಲ್ಲಲಿ?" ಎಂದಳು. ಅವಳು ಸೋಮವಾರ ಹೋಗಿ ಮಕ್ಕಳ ಮುಂದೆ ನಿಂತು ತಿದ್ದಿ ಹೇಳಿದಳೆಂದು ಆಮೇಲೆ ತಿಳಿಯಿತು.

ಬೋರ್ಡು ತೆಗೆಸಲು ಅರ್ಜಿ ಕೊಟ್ಟ. ಹಾಕುವಾಗ ಒಂದೇ ಅರ್ಜಿ ಸಾಕಾಗಿತ್ತು. ತೆಗೆಯಲು ಏಳು ಬೇಕಾದವು. ಆ ಜಾಗದಲ್ಲಿ ದಸ್ತಗೀರಬಿಯ ಹೆಸರು ಹಾಕಿಸಬೇಕೆಂದು ಅವನ ಮನಸ್ಸಿನಲ್ಲಿತ್ತು. ಹುಸೇನಬಿಯನ್ನು ಕೇಳಿದ.

ಅವಳಿಗೆ ಸಿಟ್ಟು ಬಂದದ್ದನ್ನು ಹೊಳಬಸಪ್ಪ ಅವತ್ತೇ ಮೊದಲು ಕಂಡದ್ದು. "ನಿನ್ನ ಹೊಟ್ಯಾಗಿನ ಸಂಕಟಾ ಕಳಕೊಳ್ಳಾಕ ನಮ್ಮಾಕಿನ್ನ ಕಂಬಕ್ಕ ಏರಸಬ್ಯಾಡ ತಮ್ಮಾ. ಹಾದಿಮ್ಯಾಗ ಹೋಗವರೆಲ್ಲಾ ಈಕಿ ಯಾರು, ಹೆಂಗ ಸತ್ಲು ಅಂತ ಕೇಳಬೇಕೇನು?" ಎಂದಳು. ಆಮೇಲೆ, "ಆ ಕೋರ್ಟಿನ ಕಾಗದದಾಗ ರೇಶಿಮಿ ಆಕಿ ಕದ್ದಿಲ್ಲ ಅಂತ ಖರೇನ ಬರದಾರೇನು?" ಎಂದು ಕೇಳಿದಳು.

"ಬರದಾರ."

"ಹಂಗಾರ ಅದನ್ನ ನಮ್ಮಕ್ಕನ ಮುಂದ ಓದು. ಆಕಿ ಕಮತಗ್ಯಾಗ ಅದಾಳ. ಎಂಬತ್ತು ದಾಟ್ಯಾವು. ಆಕಿ ಹೋಗೂಕಿಂತ ಮೊದಲ ಕೇಳಲಿ."

ಮುಂಬೈಯಲ್ಲಿ ನಾನು ನಕಲು ಮಾಡಿ ತಂದ ಕಾಗದ ಹೆಚ್ಚಿನದು ಇಂಗ್ಲಿಷಿನಲ್ಲಿತ್ತು. ನಾನು ಕನ್ನಡ ಮಾಡಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. 2004ರ ಫೆಬ್ರವರಿಯಲ್ಲಿ ಒಂದು ಶುಕ್ರವಾರ ನಾವು ಮೂವರೂ ಕಮತಗಿಗೆ ಹೋದೆವು. ಹುಸೇನಬಿಯ ಅಕ್ಕ ಅಬೇದಾ ಗೋಡೆಗೆ ಒರಗಿ ಕೂತಿದ್ದಳು. ಮನೆಯವರು, ಬೀಗರು ಸೇರಿ ಹದಿನೈದು ಮಂದಿ ಇದ್ದಿರಬೇಕು. ಬಸ್ಸಿನಲ್ಲೇ ನಾನು, "ಬೇಕಾದ್ರ ನಾ ಓದ್ತೀನಿ" ಎಂದಿದ್ದೆ. "ಬ್ಯಾಡ್ರಿ. ಆ ಸುಳ್ಳು ಓದಿದ ಬಾಯಿ ನಂದಲ್ಲೇನ್ರಿ?" ಎಂದಿದ್ದ.

ಏಳನೇ ಇಯತ್ತೆ ಕಲಿತವನು. ತಡವರಿಸುತ್ತ, ಬೆರಳಿಟ್ಟು ಓದಿದ. ಶಂಭುಲಿಂಗಪ್ಪ ಎನ್ನುವ ಹೆಸರು ಬಂದಾಗಲೆಲ್ಲ ದನಿ ಕೆಳಗಿಳಿಯುತ್ತಿತ್ತು. "ಸ್ವಲ್ಪ ಜೋರಲೆ ಓದ್ರಿ, ಕೇಳಸವಲ್ದು" ಎಂದು ಹಿಂದಿನಿಂದ ಯಾರೋ ಅಂದರು. ಅವನು ಮತ್ತೆ ಮೊದಲಿನಿಂದ, ಜೋರಾಗಿ ಓದಿದ. ಮಲೀಕಸಾಬನನ್ನು ಬಡಿದ ಭಾಗಕ್ಕೆ ಒಬ್ಬ ಹೆಂಗಸು ಎದ್ದು ಒಳಗೆ ಹೋದಳು. ಆಮೇಲೆ ಬಾಳವ್ವನ ಹೇಳಿಕೆ ಬಂತು: "ಹುಡಿಗಿ ಕಳ್ಳಿ ಅಲ್ಲ. ರೇಶಿಮಿ ಮಗ್ಗದ ಕುಣಿಯೊಳಗ ಐತಿ, ತಗದು ನೋಡ್ರಿ. ಹುಡಿಗಿ ಹಗೇವಿನೊಳಗ ಅದಾಳ. ಆಕಿ ಅಪ್ಪನ್ನ ಬಿಡ್ರಿ."

ಅಬೇದಾ ಕೈ ಎತ್ತಿ ನಿಲ್ಲಿಸಿದಳು. "ಕಳ್ಳಿ ಅಲ್ಲ ಅನ್ನೂದು ಇನ್ನೊಮ್ಮೆ ಓದಪಾ."

ಇನ್ನೊಮ್ಮೆ ಓದಿದ. ಮುದುಕಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಉಳಿದದ್ದನ್ನೂ ಓದಿ ಮುಗಿಸಿದ. ಕ್ಷಮಿಸಿದೆವು ಎಂದು ಯಾರೂ ಅನ್ನಲಿಲ್ಲ, ಅವನೂ ಕೇಳಲಿಲ್ಲ. ಚಹಾ ಕೊಟ್ಟರು. ಕುಡಿಯುತ್ತಿರುವಾಗ ಅಬೇದಾ ಕೇಳಿದಳು:

"ಆ ಹೆಣ್ಣಮಗಳು, ಬಾಳವ್ವ. ಗಂಡನ್ನ ಹಿಡದುಕೊಟ್ಟ ಮ್ಯಾಲೆ ಆಕಿ ಹೆಂಗ ಬಾಳೇವು ಮಾಡಿದ್ಲು?"

ಹೊಳಬಸಪ್ಪ ಚಹಾದ ಬಸಿ ಕೆಳಗಿಟ್ಟ. "ನನಗ ಗೊತ್ತಿಲ್ಲವ್ವಾ," ಎಂದ. ಮುತ್ತಜ್ಜನಿಗೆ ಕುದುರೆ, ಚಾವಟಿ, ಗಾಣ ಎಲ್ಲ ಹುಟ್ಟಿಸಿಕೊಟ್ಟವನು ಮುತ್ತಜ್ಜಿಯ ಬಗ್ಗೆ ಯಾರನ್ನೂ ಒಂದು ಮಾತು ಕೇಳಿರಲಿಲ್ಲ.

ಆಮೇಲೆ ಕೇಳಿದ. ಬಾದಾಮಿಯಲ್ಲಿ ಅವನ ತಂದೆಯ ಅಕ್ಕ ಗುರುಲಿಂಗವ್ವ ಇನ್ನೂ ಇದ್ದಳು, ತೊಂಬತ್ತರ ಹತ್ತಿರದವಳು. ಅವಳಿಗೆ ಬಾಳವ್ವನ ನೆನಪಿತ್ತು. ಗಂಡನನ್ನು ಹಿಡಿದುಕೊಟ್ಟವಳೆಂದು ಓಣಿಯ ಹೆಂಗಸರು ಅವಳೊಂದಿಗೆ ನೀರಿಗೆ ಹೋಗುತ್ತಿರಲಿಲ್ಲವಂತೆ. ಯಾರೂ ಕೆಲಸ ಕೊಡದಾಗ ಗಂಡ ಬಿಟ್ಟುಹೋದ ಅದೇ ಮಗ್ಗದ ಕುಣಿಗೆ ಇಳಿದು ತಾನೇ ನೇಯ್ದಳಂತೆ. ಮನೆಯಲ್ಲಿ ಅವನ ಮಾತು ತೆಗೆಯಗೊಡುತ್ತಿರಲಿಲ್ಲ. ಸತ್ತ ಸುದ್ದಿ ಬಂದ ದಿನ ಅಳಲೂ ಇಲ್ಲ, ಮಗ್ಗ ನಿಲ್ಲಿಸಲೂ ಇಲ್ಲವೆಂದು ಹಿರಿಯರು ಹೇಳುತ್ತಿದ್ದರಂತೆ. ಮೊಮ್ಮಗ, ಅಂದರೆ ಹೊಳಬಸಪ್ಪನ ತಂದೆ, ಸಣ್ಣವನಿದ್ದಾಗ ಅಜ್ಜ ಎಲ್ಲಿ ಎಂದು ಕೇಳಿದ್ದಕ್ಕೆ, "ಅದನ್ನ ಕೇಳಬ್ಯಾಡ, ಕೇಳಿದ್ರ ನಾ ಖರೆ ಹೇಳಬೇಕಾಗ್ತೈತಿ" ಎಂದಿದ್ದಳಂತೆ.

ಇದನ್ನು ಕೇಳಿ ನನಗೆ ಮತ್ತೆ ಹುರುಪು ಬಂತು. ನಾಚಿಕೆಯಿಲ್ಲದೆ ಹೇಳಿದೆ: "ಹೊಳಬಸಪ್ಪಾ, ಬರೀಬೇಕಾದ್ದು ಈಕಿ ಬಗ್ಗೆ. ಬಾಳವ್ವನ ಪುಸ್ತಕ ತರೂಣು. ಓಣಿಗೆ ಆಕಿ ಹೆಸರು ಇಡಸೂಣು."

ಆ ಹೊತ್ತಿಗೆ ಹಳೇ ಬೋರ್ಡು ಕಿತ್ತು ತಿಂಗಳಾಗಿತ್ತು. ಹೊಳಬಸಪ್ಪ ನನ್ನನ್ನು ಸಿಟ್ಟಿನಿಂದ ನೋಡಲಿಲ್ಲ. ಸೋತವನ ಹಾಗೆ ನೋಡಿದ.

"ಬ್ಯಾಡ್ರಿ ಮಾಸ್ತರ್ರ," ಎಂದ. "ಆಕಿ ಒಂದ ಸಲ ಚಾವಡಿಗೆ ಹೋಗಿ ಖರೆ ಹೇಳಿದ್ಲು, ಹೇಳಿ ನಲವತ್ತು ವರ್ಷ ಅದರ ಫಲಾ ಉಂಡ್ಲು. ನಾ ಆಕಿ ಮರಿಮಗ, ಖರೆ ತಿಳದ ಮ್ಯಾಲೂ ಒಂದು ವರ್ಷ ಬಾಯಿ ಮುಚ್ಚಿಕೊಂಡು ಹಾರಾ ಹಾಕಿಸಿಕೊಂಡೆ. ಈಗ ಆಕಿ ಹೆಸರು ಹೇಳಿ ಮತ್ತ ನಾನ ಶಾಲು ಹೊತ್ಕೊಳ್ಳೂದೇನ್ರಿ?"

ಆಮೇಲೆ ಅವನು ಯಾವ ಸಭೆಗೂ ಹೋಗಲಿಲ್ಲ. ಕಣ್ಣಿನ ಪೊರೆ ದಪ್ಪಗಾಗುವವರೆಗೆ, 2008ರ ತನಕ, ಕುಣಿಮಗ್ಗದಲ್ಲಿ ನೇಯ್ದ. ಹುಸೇನಬಿ ಮೊಣಕಾಲು ನೋವಿನಿಂದ ಬರುವುದನ್ನು ನಿಲ್ಲಿಸಿದ ಮೇಲೆ ಅವಳ ಮನೆಗೇ ನೂಲು ಮುಟ್ಟಿಸಿ, ಸುತ್ತಿದ ಕಂಡಿಕೆಯನ್ನು ತಾನೇ ಹೋಗಿ ತರುತ್ತಿದ್ದ. ಅವರಿಬ್ಬರು ಆ ಮಾತನ್ನು ಮತ್ತೆ ಆಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.